ಹಳೇ ಜೀಪು ಕೊಳ್ಳುವವರು ಮೊದಲು ಅಡಿಗೆ ತೂರಬೇಕು

ಹೊಸ ಮಹೀಂದ್ರಾ ಥಾರ್ ಮಾರಾಟಕ್ಕೆ ಬಂದದ್ದು 2020ರ ಅಕ್ಟೋಬರ್ 2ರಂದು. ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದು ಮನೆಗೆ ತಂದ ಆ ಮೊದಲ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಾಲಾಗಿ ನಿಂತಿವೆ. ಐದು ವರ್ಷದ ಬ್ಯಾಂಕ್ ಸಾಲ ತೀರಿದೆ, ಮನೆಗೆ ಮಗು ಬಂದಿದೆ, ಮೂರೇ ಬಾಗಿಲಿನ ಗಾಡಿಯ ಹಿಂದಿನ ಸೀಟಿಗೆ ನುಸುಳಲು ಅಮ್ಮನ ಮಂಡಿ ಒಪ್ಪುತ್ತಿಲ್ಲ. ಮಾರುವವರ ಕಾರಣಗಳು ಹೆಚ್ಚುಕಡಿಮೆ ಇಷ್ಟೇ. ಕೊಳ್ಳಲು ಬರುವವರಲ್ಲಿ ಕೆಲವರಿಗೆ ಸಕಲೇಶಪುರದಾಚೆಯ ತೋಟಕ್ಕೆ ಮಳೆಗಾಲದಲ್ಲೂ ಹೋಗಿಬರುವ ಗಾಡಿ ಬೇಕು, ಕೆಲವರಿಗೆ ಚಿಕ್ಕಂದಿನಿಂದ ಕಂಡ ಕನಸು ಅರ್ಧ ಬೆಲೆಗೆ ಬೇಕು. ಎರಡೂ ನ್ಯಾಯವಾದ ಆಸೆಗಳೇ. ಆದರೆ ಇಂಥ ಗಾಡಿಯನ್ನು ಸ್ವಿಫ್ಟ್ ನೋಡಿದ ಹಾಗೆ, ಅಂದರೆ ಬಣ್ಣ, ರೀಡಿಂಗ್, ಎಂಜಿನ್ ಸದ್ದು ಇಷ್ಟೇ ನೋಡಿ ಮುಗಿಸಿದರೆ, ಲಕ್ಷಗಟ್ಟಲೆ ಖರ್ಚು ತರುವ ಭಾಗಗಳೆಲ್ಲ ಕಣ್ಣಿಗೇ ಬೀಳುವುದಿಲ್ಲ.

ಸಾಮಾನ್ಯ ಕಾರಿನ ದುಬಾರಿ ಭಾಗಗಳು ಬಹುಪಾಲು ಬಾನೆಟ್ ಕೆಳಗಿರುತ್ತವೆ. ಫೋರ್ ಬೈ ಫೋರ್ ಗಾಡಿಯಲ್ಲಿ ಅವು ಹೊಟ್ಟೆಯಡಿ ಉದ್ದಕ್ಕೂ ಹರಡಿಕೊಂಡಿವೆ. ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಗೇರ್‌ಬಾಕ್ಸ್‌ನ ಹಿಂದೆ ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್. ಎರಡೂ ಕಡೆ ಒಂದೊಂದು ಡಿಫರೆನ್ಷಿಯಲ್. ಕಲ್ಲು ತಾಗುವುದು, ಕೆಸರು ಮೆತ್ತುವುದು, ಹಳ್ಳದ ನೀರು ನುಗ್ಗುವುದು ಎಲ್ಲ ಇವಕ್ಕೇ.

ಹಾಗಾಗಿ ಈ ವ್ಯಾಪಾರದಲ್ಲಿ ಗಾಡಿ ಎಷ್ಟು ಓಡಿದೆ ಎಂದು ಕೇಳುವ ಮೊದಲು ಎಲ್ಲಿ ಓಡಿದೆ ಎಂದು ಕೇಳಬೇಕು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 90,000 ಕಿಲೋಮೀಟರ್ ಓಡಿದ ಗಾಡಿಯ ಚಾಸಿ ಹೊಸದರಂತೆಯೇ ಇರಬಹುದು. ಕೊಲ್ಲೂರಿನಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗಿಬರುವ ಜೀಪು ಅದರ ಅರ್ಧ ದೂರ ಓಡಿದ್ದರೂ ಸಾಕು, ಸ್ಪ್ರಿಂಗ್ ಪ್ಲೇಟು, ಬುಷ್, ಸ್ಟೀರಿಂಗ್ ಜಾಯಿಂಟ್, ಕ್ಲಚ್ ಎಲ್ಲ ಒಂದೊಂದು ಸುತ್ತು ಬದಲಾಗಿರುತ್ತವೆ. ಕಾರವಾರ, ಮಲ್ಪೆ ಕಡೆ ಬೀಚಿನ ಮರಳಿಗೆ ಇಳಿದು ಬಂದ ಗಾಡಿಯನ್ನು ಅದೇ ದಿನ ಸಿಹಿನೀರಲ್ಲಿ ತೊಳೆಯದಿದ್ದರೆ ಉಪ್ಪು ಚಾಸಿಯ ಒಳಮೈಗೆ ಹತ್ತಿಕೊಂಡು ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಕಾಫಿ ತೋಟದ ಗಾಡಿ ಎಂದ ಕೂಡಲೇ ಹೆದರಬೇಕಾಗಿಯೂ ಇಲ್ಲ. ತೋಟದ ಗಾಡಿ ನಿಧಾನ ಓಡುತ್ತದೆ, ಲೋ ಗೇರಿನಲ್ಲಿ ಹೊರೆ ಎಳೆಯುತ್ತದೆ. ಅದು ನಿಂತರೆ ಕೆಲಸವೂ ನಿಲ್ಲುವುದರಿಂದ ಗ್ರೀಸು, ಆಯಿಲು ಕಾಲಕಾಲಕ್ಕೆ ಬೀಳುತ್ತವೆ. ವಾರಾಂತ್ಯಕ್ಕೆ ಮಾತ್ರ ಕೆಸರಿಗಿಳಿದು, ಇಂಟರ್ನೆಟ್ಟಿಗೆ ವಿಡಿಯೊ ಹಾಕಿ, ಸೋಮವಾರ ತೊಳೆಯದೆ ನಿಲ್ಲಿಸಿದ ನಗರದ ಗಾಡಿ ಅದಕ್ಕಿಂತ ಅಪಾಯಕಾರಿ. ಆ ವಿಡಿಯೊಗಳನ್ನು ಹುಡುಕಿ ನೋಡುವುದೂ ಪರೀಕ್ಷೆಯ ಒಂದು ಭಾಗವೇ. ನಂಬರ್ ಪ್ಲೇಟ್ ಕಾಣುವ ಒಂದು ದೃಶ್ಯ ಸಿಕ್ಕರೆ ಮಾರುವವರ ಹತ್ತು ಮಾತಿಗಿಂತ ಹೆಚ್ಚು ವಿಷಯ ತಿಳಿಯುತ್ತದೆ.

ಅಡಿಗೆ ತೂರುವ ಮೊದಲು ಒಂದು ಪ್ರಶ್ನೆ ತೀರಬೇಕು: ಇದು ನಿಜಕ್ಕೂ ಫೋರ್ ಬೈ ಫೋರ್ ಗಾಡಿಯೇ? ಮೊದಲೆರಡು ವರ್ಷ ಹೊಸ ಥಾರ್ ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದೇ ಅರ್ಥವಿತ್ತು. 2023ರ ಜನವರಿಯಲ್ಲಿ ಮಹೀಂದ್ರಾ ಹಿಂಬದಿ ಚಕ್ರ ಮಾತ್ರ ಎಳೆಯುವ ಥಾರ್ ಬಿಡುಗಡೆ ಮಾಡಿತು, ಅದರಲ್ಲಿ 1.5 ಲೀಟರಿನ ಸಣ್ಣ ಡೀಸೆಲ್ ಎಂಜಿನ್ ಕೂಡ ಇತ್ತು. ನಿಂತಲ್ಲಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಅಷ್ಟಾಗಿ ತಿಳಿಯದು. ಒಳಗೆ ಕುಳಿತು ಗೇರ್ ಲಿವರ್ ಪಕ್ಕ ಎರಡನೆಯ ಗಿಡ್ಡ ಲಿವರ್ ಇದೆಯೇ ನೋಡಿದರೆ ತಿಳಿಯುತ್ತದೆ. ಫಾರ್ಚುನರ್, ಎಂಡೀವರ್, ಸ್ಕಾರ್ಪಿಯೊಗಳಲ್ಲೂ ಎರಡು ಬಗೆಯ ಗಾಡಿಗಳು ಒಂದೇ ಮುಖ ಹೊತ್ತು ಓಡಾಡುತ್ತಿವೆ. ಜಾಹೀರಾತಿನಲ್ಲಿ 'ಆಫ್‌ರೋಡ್' ಎಂಬ ಸ್ಟಿಕ್ಕರ್ ಕಂಡ ಮಾತ್ರಕ್ಕೆ ಕೆಳಗೆ ಟ್ರಾನ್ಸ್‌ಫರ್ ಕೇಸ್ ಇದೆ ಎಂದು ಭಾವಿಸುವಂತಿಲ್ಲ.

ಇನ್ನು ಅಡಿಭಾಗ. ಗಾಡಿಯನ್ನು ಲಿಫ್ಟ್ ಮೇಲೆ ಅಥವಾ ಪಿಟ್ ಮೇಲೆ ನಿಲ್ಲಿಸಿ, ಕೈಯಲ್ಲಿ ಒಳ್ಳೆಯ ಟಾರ್ಚು, ಒಂದು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಹಿಡಿದು ಅರ್ಧ ಗಂಟೆ ಕಳೆಯಬೇಕು. ಮಾರುವವರು 'ಅಷ್ಟೆಲ್ಲ ಬೇಡ ಸಾರ್' ಎಂದರೆ ವ್ಯಾಪಾರ ಅಲ್ಲಿಗೇ ಬಿಡುವುದು ಲೇಸು. ಚಾಸಿಯ ಎರಡು ಉದ್ದ ತೊಲೆಗಳು ನೇರವಾಗಿವೆಯೇ, ಕಲ್ಲಿಗೆ ಕೂತು ಎಲ್ಲಾದರೂ ಒಳಸರಿದಿದೆಯೇ, ಅಡ್ಡಪಟ್ಟಿಗಳ ವೆಲ್ಡಿಂಗ್ ಕಂಪನಿಯದೋ ಆಮೇಲೆ ಯಾರೋ ಹಾಕಿಸಿದ್ದೋ ನೋಡಬೇಕು. ಕಂಪನಿಯ ವೆಲ್ಡಿಂಗ್ ಒಂದೇ ಅಗಲದಲ್ಲಿ ಸಾಲಾಗಿ ಸಾಗುತ್ತದೆ. ಕೈಕೆಲಸದ್ದು ಉಂಡೆಯುಂಡೆಯಾಗಿ, ಸುತ್ತಲೂ ಕಿಡಿ ಹಾರಿದ ಕಲೆಯೊಂದಿಗೆ ಇರುತ್ತದೆ. ಬಿರುಕು ಬಿಡುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ: ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವಲ್ಲಿ, ಸ್ಪ್ರಿಂಗ್ ಹ್ಯಾಂಗರ್‌ಗಳಲ್ಲಿ, ಶಾಕ್ ಅಬ್ಸಾರ್ಬರ್ ಕಟ್ಟಿದಲ್ಲಿ, ವಿಂಚ್ ಅಥವಾ ಟೋ ಹುಕ್ ಇದ್ದರೆ ಅದರ ಬುಡದಲ್ಲಿ.

ಆರು ವರ್ಷ ಹಳೆಯ ಗಾಡಿಯ ಅಡಿಭಾಗ ಕರಿಬಣ್ಣದಲ್ಲಿ ಮಿರಮಿರ ಮಿನುಗುತ್ತಿದ್ದರೆ ಸಂತೋಷಪಡಬೇಡಿ. ಮಾರಾಟಕ್ಕೆ ಮೊದಲು ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು ತುಕ್ಕು ಮುಚ್ಚುವ ಅಗ್ಗದ ದಾರಿ. ಅಂಥ ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿದುಕೊಂಡು ಹೋದರೆ ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಟೊಳ್ಳಾದ ಜಾಗ ಮಂಕಾಗಿ ಸದ್ದು ಕೊಡುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಹಪ್ಪಳದಂತೆ ಪದರ ಕಳಚಿ ಬೀಳುವುದೂ ಉಂಟು. ಮೇಲ್ಮೈಯಲ್ಲಿ ಕೆಂಪು ಪುಡಿಯಂತೆ ಕಾಣುವ ತೆಳು ತುಕ್ಕಿಗೆ ಗಾಬರಿಯಾಗಬೇಕಿಲ್ಲ, ಮಲೆನಾಡಿನ ಮಳೆಯಲ್ಲಿ ಓಡಿದ ಯಾವ ಗಾಡಿಯಲ್ಲೂ ಅದು ಇರುತ್ತದೆ. ಪದರ ಏಳುವ ತುಕ್ಕು ಚಾಸಿಗೆ ಬಂದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಬಾಗಿಲು ಬದಲಾಯಿಸಬಹುದು, ಎಂಜಿನ್ನೇ ಬೋರ್ ಮಾಡಿಸಬಹುದು. ಚಾಸಿ ಮಾತ್ರ ಆ ಗಾಡಿಯ ನಂಬರ್ ಹೊತ್ತಿರುವ ಭಾಗ.

ಅನುಭವಸ್ಥ ಮೆಕ್ಯಾನಿಕ್ ಅಡಿಗೆ ಹೋದರೆ ಮೊದಲು ಕೈಹಾಕುವುದು ಡಿಫರೆನ್ಷಿಯಲ್ ಹೌಸಿಂಗಿಗೆ. ಕೆಳಗಿನ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ನಾಲ್ಕು ಹನಿ ಆಯಿಲನ್ನು ಅಂಗೈ ಮೇಲೆ ಬೀಳಿಸಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಕಂದು ಅಥವಾ ಕಪ್ಪು ಬಣ್ಣವಿದ್ದು ಜಾರುತ್ತಿದ್ದರೆ ಸರಿ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಒಳಗೆ ನೀರು ಹೋಗಿದೆ. ಇದಕ್ಕೆ ಕಾರಣವಿದೆ: ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರಾಡುವ ಬ್ರೀದರ್ ಕೊಳವೆ ಕೆಸರಿನಿಂದ ಕಟ್ಟಿದ್ದರೆ ಅಥವಾ ನೀರಿನೊಳಗೆ ಮುಳುಗಿದ್ದರೆ ಸೀಲುಗಳ ಸಂದಿನಿಂದಲೋ ಆ ಕೊಳವೆಯಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಆಯಿಲಿನಲ್ಲೇ ತಿಂಗಳುಗಟ್ಟಲೆ ಓಡಿಸಿದ್ದರೆ ಬೇರಿಂಗ್, ಕ್ರೌನ್-ಪಿನಿಯನ್ ಹಲ್ಲುಗಳ ಆಯಸ್ಸು ಮುಗಿಯುತ್ತ ಬಂದಿರುತ್ತದೆ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನೂ ನೋಡಬೇಕು. ಕಾಡಿಗೆಯಂಥ ನುಣುಪು ಪುಡಿ ಸಹಜ. ಉಗುರಿಗೆ ಸಿಗುವಂಥ ಚೂರು ಕಂಡರೆ ಹಲ್ಲು ಮುರಿದಿದೆ. ಮುಂದಿನದು, ಹಿಂದಿನದು, ಟ್ರಾನ್ಸ್‌ಫರ್ ಕೇಸ್ ಮೂರಕ್ಕೂ ಇದೇ ಪರೀಕ್ಷೆ. ಮಾಡಲು ಹತ್ತು ನಿಮಿಷ ಸಾಕು. ಹಳೇ ಗಾಡಿಯ ವ್ಯಾಪಾರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸತ್ಯ ಹೇಳುವ ಪರೀಕ್ಷೆ ಮತ್ತೊಂದಿಲ್ಲ.

ನಂತರ ಫೋರ್ ವೀಲ್ ಡ್ರೈವ್ ಹಾಕಿ ನೋಡಬೇಕು. ಇದನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ಥಾರ್, ಜಿಪ್ಸಿ, ಜಿಮ್ನಿಗಳಂಥ ಪಾರ್ಟ್‌ಟೈಮ್ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು, ಒಣ ಡಾಂಬರಿನ ಮೇಲೆ ಟೈರ್ ಜಾರಲು ಜಾಗವಿಲ್ಲದೆ ಆ ತಿಕ್ಕಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿನ ಮೈದಾನ ಅಥವಾ ಜಲ್ಲಿ ಹಾದಿಗೆ ಒಯ್ದು ಲಿವರನ್ನು ಮೊದಲು ಹೈಗೆ, ಆಮೇಲೆ ಗಾಡಿ ನಿಲ್ಲಿಸಿ ಗೇರನ್ನು ನ್ಯೂಟ್ರಲ್‌ಗೆ ತಂದು ಲೋಗೆ ಹಾಕಬೇಕು. ದೀಪ ಹತ್ತುತ್ತದೆಯೇ ಎಂಬುದಷ್ಟೇ ಮುಖ್ಯವಲ್ಲ. ಮೊದಲ ಗೇರಿನಲ್ಲಿ ಏರು ಹತ್ತಿಸಿ, ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿದಾಗ ಲಿವರ್ ತಾನಾಗಿ ಹೊರಕ್ಕೆ ಹಾರಿದರೆ ಒಳಗೆ ಸವೆತವಿದೆ. ರಿವರ್ಸ್‌ನಲ್ಲೂ ಹೀಗೇ ನೋಡಬೇಕು. ಅನೇಕರು ಮರೆಯುವುದು ಇದನ್ನೇ.

ಇಲ್ಲೊಂದು ತಮಾಷೆಯಂತೆ ಕಾಣುವ ಆದರೆ ನಿಜವಾದ ಸಮಸ್ಯೆ ಇದೆ. 'ಒಂದು ದಿನವೂ ಫೋರ್ ವೀಲ್ ಹಾಕಿಲ್ಲ ಸಾರ್, ಬರೀ ಸಿಟಿ' ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ವರ್ಷಗಟ್ಟಲೆ ಅಲುಗದ ಲಿವರಿನ ಲಿಂಕೇಜ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಮುಂದಿನ ಆಕ್ಸಲಿನ ಸೀಲುಗಳು ಎಣ್ಣೆ ತಾಗದೆ ಒಣಗಿ ಬಿರಿಯುತ್ತವೆ. ಜಿಪ್ಸಿಯ ಮುಂದಿನ ಚಕ್ರದ ಹಬ್‌ಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ತಿರುಗಿಸದೇ ಬಿಟ್ಟ ಹಬ್‌ಗಳು ಸ್ಪ್ಯಾನರಿಗೂ ಜಗ್ಗುವುದಿಲ್ಲ. ಬಳಸದ ಗಾಡಿಯನ್ನು ಬಳಸಿದ್ದಕ್ಕಿಂತ ಹೆಚ್ಚು ಅನುಮಾನದಿಂದ ನೋಡುವುದೇ ಸರಿ.

ಚಕ್ರಗಳ ಕಡೆ ಬಂದರೆ, ಗಾಡಿಯನ್ನು ಜಾಕ್ ಮೇಲೆ ಎತ್ತಿ ಟೈರನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಬೇಕು, ಆಮೇಲೆ ಎಡ-ಬಲ ಹಿಡಿದು. ಎಡ-ಬಲದಲ್ಲಿ ಮಾತ್ರ ಆಟವಿದ್ದರೆ ಸ್ಟೀರಿಂಗ್ ಜಾಯಿಂಟ್ ಸವೆದಿದೆ. ಎರಡರಲ್ಲೂ ಇದ್ದರೆ ವೀಲ್ ಬೇರಿಂಗ್ ಕಡೆ ನೋಡಬೇಕು. ಜಿಪ್ಸಿ ಮತ್ತು ಹಳೇ ಮಹೀಂದ್ರಾ ಜೀಪುಗಳಲ್ಲಾದರೆ ಕಿಂಗ್‌ಪಿನ್ ಬೇರಿಂಗ್ ಕೂಡ ಅನುಮಾನದ ಪಟ್ಟಿಗೆ ಸೇರುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ದಾಟಿದ ಮೇಲೆ ಸ್ಟೀರಿಂಗ್ ಗಡಗಡ ನಡುಗಿ ಗಾಡಿ ನಿಲ್ಲಿಸುವ ತನಕ ಬಿಡದಿದ್ದರೆ ಬಹಳ ಸಲ ಮೂಲ ಅಲ್ಲೇ ಇರುತ್ತದೆ.

ಟೈರಿನ ಮೈಮೇಲಿನ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ ಹೇಳುತ್ತದೆ: 3519 ಎಂದಿದ್ದರೆ 2019ರ 35ನೇ ವಾರ. ನಾಲ್ಕೂ ಒಂದೇ ಅಳತೆ, ಒಂದೇ ಮಟ್ಟದ ಸವೆತ ಇರುವುದು ಫೋರ್ ಬೈ ಫೋರ್‌ನಲ್ಲಿ ಬರೀ ಅಂದದ ಮಾತಲ್ಲ. ಮುಂದೊಂದು ಅಳತೆ ಹಿಂದೊಂದು ಅಳತೆ ಹಾಕಿ ಓಡಿಸಿದ ಗಾಡಿಯ ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್ ಹಾಕಿದಾಗಲೆಲ್ಲ ಹಗ್ಗಜಗ್ಗಾಟದಲ್ಲೇ ಇತ್ತು ಎಂದು ತಿಳಿಯಬೇಕು. ದೊಡ್ಡ ಟೈರ್ ಹಾಕಿದವರ ಓಡೋಮೀಟರ್ ವಿಷಯವೂ ಇದಕ್ಕೆ ಸೇರಿದ್ದು. 2020ಕ್ಕಿಂತ ಹಿಂದಿನ ಹಳೆಯ ಥಾರ್‌ಗೆ ಕಂಪನಿ ಕೊಟ್ಟ 235/70 ಆರ್ 16 ಟೈರಿನ ವ್ಯಾಸ ಸುಮಾರು 735 ಮಿಲಿಮೀಟರ್. ಅಲ್ಲಿ 265/75 ಆರ್ 16 ಕೂರಿಸಿದರೆ ಅದು 804 ಮಿಲಿಮೀಟರ್ ಆಗುತ್ತದೆ. ಪ್ರತಿ ಸುತ್ತಿಗೂ ಗಾಡಿ ಶೇ 9ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಯಾರೂ ಮೋಸ ಮಾಡದೆಯೇ 50,000 ಎಂದು ತೋರಿಸುವ ಗಾಡಿ 54,600ರ ಆಸುಪಾಸು ಓಡಿರುತ್ತದೆ.

ಎಂಜಿನ್ ಪರೀಕ್ಷೆ ಉಳಿದ ಡೀಸೆಲ್ ಕಾರುಗಳದ್ದೇ, ಅದಕ್ಕೆ ಹೆಚ್ಚು ಮಾತು ಬೇಡ. ಬೆಳಿಗ್ಗೆ ತಣ್ಣಗಿರುವಾಗ ತಾವೇ ಸ್ಟಾರ್ಟ್ ಮಾಡಬೇಕು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಬರುತ್ತೇವೆ ಎನ್ನಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನು ಹೇಳುತ್ತದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಸೋರಿಕೆಯ ಸುಳಿವು. ಏರ್ ಫಿಲ್ಟರ್ ಡಬ್ಬಿ ಮಾತ್ರ ತಪ್ಪದೆ ಬಿಚ್ಚಬೇಕು. ಫಿಲ್ಟರ್ ದಾಟಿದ ಆಚೆಯ ಕೊಳವೆಯೊಳಗೆ ಬೆರಳಾಡಿಸಿದಾಗ ಕೆಂಪು ಧೂಳು ಅಂಟಿದರೆ, ಅದು ಎಂಜಿನ್ನಿನ ಒಳಕ್ಕೂ ಹೋಗಿದೆ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ತೋಟದೊಳಗಿನ ನಿಧಾನ ಓಟದಲ್ಲೇ ಕಾಲ ಕಳೆದ ಗಾಡಿಯಲ್ಲಿ ಅದು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು, ಸ್ಕ್ಯಾನರ್ ಹಾಕಿಸಿ ನೋಡಿದರೆ ತಿಳಿಯುತ್ತದೆ. 2020ರ ಥಾರ್ ಡೀಸೆಲ್ ಕೊಳ್ಳುವವರು ಇನ್ನೊಂದು ವಿಚಾರಿಸಬೇಕು: ಆ ವರ್ಷದ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದ 1,577 ಗಾಡಿಗಳನ್ನು ಕ್ಯಾಮ್‌ಶಾಫ್ಟ್ ಬದಲಿಸಲು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ಕೆಲಸ ಆಗಿದೆಯೇ ಎಂಬುದನ್ನು ಚಾಸಿ ನಂಬರ್ ಕೊಟ್ಟರೆ ಅಧಿಕೃತ ಸರ್ವಿಸ್ ಸೆಂಟರಿನವರು ತೆಗೆದು ಹೇಳುತ್ತಾರೆ. ಅದೇ ನಂಬರಿನಲ್ಲಿ ಗಾಡಿಯ ಸರ್ವಿಸ್ ಚರಿತ್ರೆಯೂ ಸಿಗುವುದರಿಂದ ರೀಡಿಂಗ್ ತಿದ್ದಿದ್ದರೆ ಅಲ್ಲೇ ಬಯಲಾಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಲ್ಲಿ ನೀರು ನಿಂತಾಗ ದುಬಾರಿ ಗಾಡಿಗಳು ಕಿಟಕಿಯ ಮಟ್ಟಕ್ಕೆ ಮುಳುಗಿದ್ದನ್ನು ನಾಡೆಲ್ಲ ನೋಡಿತು. 2015ರಲ್ಲಿ ಚೆನ್ನೈ, 2018ರಲ್ಲಿ ಕೊಡಗು ಕೂಡ ಇಂಥದ್ದೇ ನೆರೆ ಕಂಡವು. ವಿಮೆ ಕಂಪನಿ ಪೂರ್ತಿ ನಷ್ಟ ಎಂದು ಬರೆದುಕೊಟ್ಟ ಗಾಡಿಗಳು ಹರಾಜಿನಲ್ಲಿ ಮಾರಾಟವಾಗಿ, ತೊಳೆದು ಒಣಗಿಸಿಕೊಂಡು, ಬೇರೆ ಊರಿನಲ್ಲಿ ಮತ್ತೆ ಬೀದಿಗಿಳಿಯುತ್ತವೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ದಾಟಬಲ್ಲದು ಎಂದು ಕಂಪನಿ ಹೇಳುವುದು ನಿಜ. ಅದು ದಾಟುವ ಮಾತು, ಎರಡು ದಿನ ಮುಳುಗಿ ನಿಲ್ಲುವುದಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರೆ ಯಾರೂ ತೊಳೆಯದ ಭಾಗ ಹೊರಬರುತ್ತದೆ. ಅಲ್ಲಿ ಕೆಸರಿನ ಗೆರೆ ಇದ್ದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಳೆದು ಹೇಳಬಹುದು. ಸೀಟಿನ ಕೆಳಗಿನ ವೈರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಫ್ಲೋರ್ ಮ್ಯಾಟಿನಡಿ ಸಣ್ಣ ಮರಳು, ಎಸಿ ಹಾಕಿದೊಡನೆ ಬರುವ ಮುಗ್ಗಲು ವಾಸನೆ ಕೂಡ ಅದನ್ನೇ ಹೇಳುತ್ತವೆ. ಥಾರ್‌ನ ಕೆಲವು ಮಾದರಿಗಳ ಒಳನೆಲವನ್ನು ತೊಳೆಯಲು ಡ್ರೈನ್ ಪ್ಲಗ್ ಇರುವುದರಿಂದ ಒಳಗೆ ಸ್ವಲ್ಪ ಕೆಸರಿನ ಗುರುತು ಕಂಡ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು, ವೈರಿಂಗ್ ನೋಡಿ ಬರಬೇಕು.

ಮಾರ್ಪಾಡು ಮಾಡಿದ ಗಾಡಿಗಳ ಬಗ್ಗೆ ಖಚಿತವಾಗಿ ಹೇಳಬೇಕು. ಲಿಫ್ಟ್ ಕಿಟ್, ಅಗಲದ ಟೈರು, ಕಬ್ಬಿಣದ ಬಂಪರು, ಛಾವಣಿ ತುಂಬ ದೀಪ, ಇವಕ್ಕೆ ಮಾರುವವರು ಎರಡು ಮೂರು ಲಕ್ಷ ಹೆಚ್ಚು ಕೇಳುತ್ತಾರೆ. ನಿಜವಾಗಿ ಅವುಗಳಿಂದ ಬೆಲೆ ಇಳಿಯಬೇಕು. ಗಾಡಿಯನ್ನು ಎತ್ತರಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕ್ರಾಸ್‌ಗಳು ಬೇಗ ಸವೆಯುತ್ತವೆ. ಮುಂದಿನ ಸಿವಿ ಜಾಯಿಂಟಿನ ರಬ್ಬರ್ ಬೂಟು ಹರಿಯುತ್ತದೆ. ಭಾರದ ಟೈರು ಬ್ರೇಕು, ಬೇರಿಂಗು, ಕ್ಲಚ್ಚುಗಳ ಮೇಲೆ ಕೂರುತ್ತದೆ.

ಕಾನೂನೂ ಇದಕ್ಕೆ ವಿರುದ್ಧವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಸ್ವರೂಪವನ್ನು ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಂಥ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ವಿಧಿಸಬಹುದು. ಮುಂದೆ ಕಟ್ಟುವ ಬುಲ್ ಬಾರ್‌ಗಳನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗಳಿಗೆ ಅದು ಮಾರಕ, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೆನ್ಸರಿನ ಕೆಲಸವನ್ನೂ ಕೆಡಿಸಬಹುದು. ಹಳೇ ಮಾಲೀಕ ಮಾಡಿಸಿದ ಮಾರ್ಪಾಡಿನ ದಂಡ ಹೊಸ ಮಾಲೀಕನ ಹೆಸರಿಗೇ ಬರಬಹುದು. ಬದಲಾವಣೆ ಬೇಕೆಂದಿದ್ದವರೂ ಕಂಪನಿ ಸ್ಥಿತಿಯಲ್ಲಿರುವ ಗಾಡಿಯನ್ನೇ ಹುಡುಕುವುದು ಜಾಣತನ.

ಕಾಗದಪತ್ರದಲ್ಲಿ ಈ ಜಾತಿಯ ಗಾಡಿಗಳಿಗೆ ಅವುಗಳದ್ದೇ ಆದ ಗೋಜಲುಗಳಿವೆ. ಮೊದಲನೆಯದು ಮಿಲಿಟರಿ ಡಿಸ್ಪೋಸಲ್. ಸೇನೆ ಹರಾಜು ಹಾಕಿದ ಜಿಪ್ಸಿ, ಜೀಪುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಮೂಲ ಹರಾಜಿನ ಬಿಡುಗಡೆ ಪತ್ರ ಇಲ್ಲದಿದ್ದರೆ, ಅಥವಾ ಗುಜರಿಯೆಂದು ಮಾರಿದ ಗಾಡಿಯನ್ನು ಮತ್ತೆ ಜೋಡಿಸಿದ್ದರೆ, ಆರ್‌ಟಿಒ ಕಚೇರಿಯಲ್ಲಿ ಅದಕ್ಕೆ ನಾಗರಿಕ ನಂಬರ್ ಸಿಗುವುದು ಕಷ್ಟ. ಎರಡನೆಯದು ಉತ್ತರದ ಕೈಜೋಡಣೆಯ ಜೀಪುಗಳು. ಹರಿಯಾಣದ ಮಂಡಿ ಡಬ್ವಾಲಿ ಇಂಥ ತೆರೆದ ಜೀಪುಗಳಿಗೆ ಹೆಸರುವಾಸಿ. ಫೋಟೊದಲ್ಲಿ ಬಹಳ ಚೆಂದ ಕಾಣುತ್ತವೆ. ಹಳೇ ಆರ್‌ಸಿ ಒಂದಕ್ಕೆ ಹೊಸ ಬಾಡಿ, ಬೇರೆ ಎಂಜಿನ್ ಕೂಡಿಸಿದ್ದರೆ ಕರ್ನಾಟಕದ ಇನ್‌ಸ್ಪೆಕ್ಟರ್ ಎದುರು ಅವು ನಿಲ್ಲುವುದಿಲ್ಲ. ಮೂರನೆಯದು ದೆಹಲಿಯ ಡೀಸೆಲ್ ಗಾಡಿಗಳು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಫಾರ್ಚುನರ್, ಎಂಡೀವರ್, ಪಜೆರೊಗಳು ದಕ್ಷಿಣಕ್ಕೆ ಅಗ್ಗವಾಗಿ ಹರಿದುಬಂದವು. ಆ ಬೆಲೆಗೆ ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ, ಮರುನೋಂದಣಿ ಸೇರಿಸಿ ಲೆಕ್ಕ ಹಾಕಿದರೆ ಅಗ್ಗದ ಗಾಡಿ ಬೆಂಗಳೂರಿನ ಗಾಡಿಯ ಬೆಲೆಗೇ ಬಂದು ನಿಲ್ಲುವುದುಂಟು. ಪ್ರವಾಸಿಗರನ್ನು ಹೊತ್ತ ಹಳದಿ ಬೋರ್ಡಿನ ಜೀಪನ್ನು ಬಿಳಿ ಬೋರ್ಡಿಗೆ ತರಲೂ ಬೇರೆ ಅರ್ಜಿ, ಬೇರೆ ತೆರಿಗೆ ಇದೆ.

ಹಾಗಾಗಿ ಆರ್‌ಸಿ ಕೈಯಲ್ಲಿ ಹಿಡಿದು ಚಾಸಿಯ ಮೇಲೆ ಒತ್ತಿದ 17 ಅಕ್ಷರಗಳನ್ನು ಒಂದೊಂದಾಗಿ ಓದಿ ತಾಳೆ ನೋಡಬೇಕು. ಮಹೀಂದ್ರಾದ್ದು ಎಂಎ1 ಎಂದು, ಮಾರುತಿಯದ್ದು ಎಂಎ3 ಎಂದು, ಬಿಡದಿಯ ಟೊಯೊಟಾದ್ದು ಎಂಬಿಜೆ ಎಂದು ಶುರುವಾಗುತ್ತದೆ. 17 ಅಕ್ಷರಗಳ ಪದ್ಧತಿಗಿಂತ ಹಿಂದಿನ ಜೀಪುಗಳಲ್ಲಿ ನಂಬರ್ ಗಿಡ್ಡವಾಗಿರಬಹುದು. ಅಕ್ಷರಗಳ ಸುತ್ತ ಗ್ರೈಂಡಿಂಗ್ ಗುರುತು, ಹೊಸ ಬಣ್ಣ, ಸಾಲು ತಪ್ಪಿದ ಒತ್ತು ಕಂಡರೆ ಮುಂದಿನ ಮಾತೇ ಬೇಡ. ಗಾಡಿ 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ನೋಡಬೇಕು. ಕಾರಿನ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಎಫ್‌ಸಿ ಪರೀಕ್ಷೆ ಬೇರೆ.

ಯಾವ ಗಾಡಿ ಎಂಬ ಪ್ರಶ್ನೆಗೆ ಉತ್ತರ ಬಿಡಿಭಾಗ ಸಿಗುವ ಊರಿನ ಮೇಲೆ ನಿಂತಿದೆ. ಮಹೀಂದ್ರಾ 1947ರಲ್ಲಿ ಮುಂಬೈನಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದಂದಿನಿಂದ ಅದರ ಜೀಪು ರಿಪೇರಿ ಬಲ್ಲವರು ಮಲೆನಾಡಿನ ಪ್ರತಿ ಪೇಟೆಯಲ್ಲೂ ಇದ್ದಾರೆ. 1985ರಲ್ಲಿ ಬಂದ ಜಿಪ್ಸಿ 2019ರ ಹೊತ್ತಿಗೆ ಜನಸಾಮಾನ್ಯರ ಮಾರುಕಟ್ಟೆಯಿಂದ ಹೊರಬಿದ್ದರೂ ಎಂಜಿನ್ ಭಾಗಗಳಿಗೆ ಇನ್ನೂ ಬರವಿಲ್ಲ. ಫಾರ್ಚುನರ್ ಬಿಡದಿಯಲ್ಲೇ ತಯಾರಾಗುತ್ತದೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಎಂಡೀವರ್ ಗಟ್ಟಿ ಗಾಡಿ, ಆದರೆ ಬಾಡಿ ಪ್ಯಾನೆಲ್, ಎಲೆಕ್ಟ್ರಾನಿಕ್ ಭಾಗಗಳಿಗೆ ಕಾಯುವ ತಾಳ್ಮೆ ಇದ್ದವರು ಮಾತ್ರ ಕೊಳ್ಳಬೇಕು. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಾಡುವ ಉದ್ದೇಶವಿದ್ದರೆ ಹಳೆಯ ಥಾರ್, ಜಿಪ್ಸಿ ಎರಡನ್ನೂ ಬಿಡುವುದು ಒಳ್ಳೆಯದು, ಅವುಗಳಲ್ಲಿ ಏರ್‌ಬ್ಯಾಗೇ ಇಲ್ಲ. 2020ರ ಥಾರ್ ಆ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆಯಿತು.

ಎಲ್ಲ ಸರಿಯಿದ್ದು ಬೆಲೆ ಕುದುರಿದರೂ ಒಂದಿಷ್ಟು ಹಣ ಕೈಯಲ್ಲಿ ಉಳಿಸಿಕೊಳ್ಳಿ. ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್ ಹೀಗೆ ಐದೂ ಕಡೆಯ ಆಯಿಲು, ಜೊತೆಗೆ ಬ್ರೇಕ್ ಆಯಿಲು, ಕೂಲೆಂಟು, ಎಲ್ಲ ಫಿಲ್ಟರು ಬದಲಿಸಿ. ವಿಮೆಯನ್ನು 14 ದಿನದೊಳಗೆ ಸ್ವಂತ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಿಂದಿನವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ಲೆಕ್ಕದಲ್ಲಿ ಪ್ರೀಮಿಯಂ ಹೆಚ್ಚಾಗುತ್ತದೆ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಪತ್ರ, ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ ಬ್ರೋಕರ್ ಕೈಗೆ ಕೊಟ್ಟು ಮರೆಯುವ ಅಭ್ಯಾಸ ಮಾರುವವರಿಗೂ ಕೊಳ್ಳುವವರಿಗೂ ಅಪಾಯ. ಅಪಘಾತವಾದಾಗ ನೋಂದಣಿ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಕೀಲಿ ಕೈಬದಲಾಗುವ ದಿನವೇ ಇಬ್ಬರೂ ಕೂತು ಹೆಸರು ಬದಲಾವಣೆಯ ಅರ್ಜಿ ಸಲ್ಲಿಸಿ, ಅದರ ರಸೀದಿಯ ಒಂದೊಂದು ಪ್ರತಿ ಇಟ್ಟುಕೊಳ್ಳಿ.